ಹಳೆಯ ಡೀಸೆಲ್ ವ್ಯಾನ್: ಮಾಲೀಕನ ಕೈಗೆಟುಕುವ ಕೆಲಸಗಳು

ಹಳೆಯ ಡೀಸೆಲ್ ವ್ಯಾನ್ ಎಂದರೆ ಇಲ್ಲಿ ಕಂಪ್ಯೂಟರ್ ಇಲ್ಲದ ವ್ಯಾನ್. ಇಂಧನವನ್ನು ಅಳೆದು ಕೊಡುವುದು, ಸಮಯಕ್ಕೆ ಸರಿಯಾಗಿ ಚಿಮ್ಮಿಸುವುದು, ವೇಗವನ್ನು ಹದ್ದುಬಸ್ತಿನಲ್ಲಿಡುವುದು, ಎಲ್ಲವನ್ನೂ ಅದರಲ್ಲಿ ಉಕ್ಕಿನ ಬಿಡಿಭಾಗಗಳೇ ಮಾಡುತ್ತವೆ. ಕೆಂಗೇರಿ ಉಪನಗರದ ಅಡ್ಡರಸ್ತೆಗಳಲ್ಲಿ ತರಕಾರಿ ಸಾಗಿಸುವವರು, ಶಾಮಿಯಾನದವರು, ಅಡುಗೆ ಕಂಟ್ರಾಕ್ಟರುಗಳು, ಮನೆಮಂದಿಯನ್ನೆಲ್ಲ ಧರ್ಮಸ್ಥಳಕ್ಕೆ ಕರೆದೊಯ್ಯುವವರು ನೆಚ್ಚಿಕೊಂಡು ಬಂದದ್ದು ಇಂಥ ಗಾಡಿಗಳನ್ನೇ. ಅವುಗಳಲ್ಲಿ ಹೆಸರುವಾಸಿಯಾದವು ಪುಣೆಯ ಬಜಾಜ್ ಟೆಂಪೊ ಕಂಪನಿಯ ಮಟಾಡೋರ್ ಮತ್ತು ಟೆಂಪೊ ಟ್ರಾವೆಲರ್. ಮಟಾಡೋರ್ ತಯಾರಿಕೆ 1969ರಲ್ಲಿ ಆರಂಭವಾಯಿತು, ಟ್ರಾವೆಲರ್ 1987ರಲ್ಲಿ ಬಂತು. ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಈ ಗಾಡಿಗಳಿಗೆ ಹೆಸರು ತಂದದ್ದು ಜರ್ಮನಿಯ ಮರ್ಸಿಡಿಸ್ ಕಂಪನಿಯ ಪರವಾನಗಿಯಲ್ಲಿ ತಯಾರಾದ ಒಎಂ 616 ಎಂಬ ನಾಲ್ಕು ಸಿಲಿಂಡರಿನ 2.4 ಲೀಟರ್ ಎಂಜಿನ್. ಮರ್ಸಿಡಿಸ್‌ನವರು ಅದನ್ನು 240ಡಿ ಎಂಬ ಕಾರಿಗೂ ಕೂಡಿಸಿದ್ದರು. ಅನೇಕ ದೇಶಗಳಲ್ಲಿ ಟ್ಯಾಕ್ಸಿಯಾಗಿ ಲಕ್ಷಾಂತರ ಕಿಲೋಮೀಟರ್ ಓಡಿದ ಕಾರು ಅದು.

ಡೀಸೆಲ್ ಪಂಪು ಮತ್ತು ನಾಝಲ್‌ಗಳ ಕಥೆ ಬೆಂಗಳೂರಿನದೇ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಇವುಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬಿಡದಿಯಲ್ಲಿ ಇಂದು ಅದೇ ಕಂಪನಿಯ ಕಾರ್ಖಾನೆಯಿದೆ. ಹಳೆಯ ಪಂಪಿನ ಬಿಡಿಭಾಗ ಮತ್ತು ಅದನ್ನು ಬಲ್ಲ ಕೈಗಳು ಈ ನಗರದಲ್ಲಿ ಇನ್ನೂ ಸಿಗುವುದಕ್ಕೆ ಈ ಇತಿಹಾಸವೂ ಒಂದು ಕಾರಣ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವಂತೆ, ಸಿಲಿಂಡರಿನ ಒಳಗೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಒಎಂ 616ರಲ್ಲಿ ಗಾಳಿ ಸುಮಾರು 21ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಆ ಕಾವಿಗೆ ನಾಝಲ್‌ನಿಂದ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ ಓಡಲು ಬೇಕಾದದ್ದು ಮೂರೇ: ಸಾಕಷ್ಟು ಗಾಳಿ, ಸೋರದ ಕಂಪ್ರೆಷನ್, ನೀರಿಲ್ಲದ ಡೀಸೆಲ್. ಸ್ಟಾರ್ಟ್ ಆಗದ ಅಥವಾ ನಡುದಾರಿಯಲ್ಲಿ ನಿಂತ ವ್ಯಾನಿನ ತೊಂದರೆಯನ್ನು ಈ ಮೂರರಲ್ಲೇ ಹುಡುಕಬೇಕು. ಅದರಲ್ಲೂ ಮೊದಲು ನೋಡಬೇಕಾದದ್ದು ಡೀಸೆಲ್ ಬರುವ ದಾರಿ.

ಟ್ಯಾಂಕಿನಿಂದ ಹೊರಟ ಡೀಸೆಲ್ ಫೀಡ್ ಪಂಪು ಮತ್ತು ಫಿಲ್ಟರುಗಳನ್ನು ದಾಟಿ ಇಂಜೆಕ್ಷನ್ ಪಂಪನ್ನು ಸೇರುತ್ತದೆ. ಈ ಪಂಪಿನ ಒಳಗಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದು. ಅಲ್ಲಿಗೆ ಬೇರೆ ಎಣ್ಣೆಯಿಲ್ಲ. ಹಾದುಹೋಗುವ ಡೀಸೆಲ್ಲೇ ಅದಕ್ಕೆ ಜಾರುಎಣ್ಣೆ. ನೀರು ಸೇರಿದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಮಣ್ಣಿನ ಕಣ ಸೇರಿದರೆ ಗೀರು ಬೀಳುತ್ತದೆ. ಎರಡರಲ್ಲಿ ಯಾವುದಾದರೂ ಪಂಪನ್ನು ಬಿಚ್ಚಿಸಿ ಬಿಡಿಭಾಗ ಹಾಕಿಸದೆ ಗತಿಯಿಲ್ಲ, ಆ ಖರ್ಚಿನ ಮುಂದೆ ಒಂದು ಡೀಸೆಲ್ ಫಿಲ್ಟರಿನ ಬೆಲೆ ಏನೂ ಅಲ್ಲ. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಮುಂಚೆಯೇ ಫಿಲ್ಟರ್ ಬದಲಿಸಿದರೆ ನಷ್ಟವೇನಿಲ್ಲ. ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ನೋಡಿದರೆ ನೀರು ಇದೆಯೇ ಎಂಬುದು ತಿಳಿಯುತ್ತದೆ. ಇದ್ದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಈ ಕೆಲಸವನ್ನು ತಿಂಗಳಿಗೊಮ್ಮೆಯಾದರೂ ಮಾಡಬೇಕು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವ ಕಟ್ಟುವುದರಿಂದ, ಹೆಚ್ಚು ದಿನ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ತುಂಬಿಸಿಟ್ಟರೆ ಒಳ್ಳೆಯದು.

ಫಿಲ್ಟರ್ ಬದಲಿಸಿದಾಗ, ಇಲ್ಲವೇ ಟ್ಯಾಂಕು ಪೂರ್ತಿ ಬರಿದಾದಾಗ, ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಗಾಳಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ನಾಝಲ್ಲನ್ನು ತೆರೆಸುವ ಒತ್ತಡವಾಗುವುದಿಲ್ಲ. ಚಾಲಕರು ಏರ್ ಲಾಕ್ ಎನ್ನುವುದು ಇದನ್ನೇ. ಏರ್ ತೆಗೆಯಲು ಮೊದಲು ಫಿಲ್ಟರಿನ ತಲೆಯ ಮೇಲಿರುವ ಸಣ್ಣ ತಿರುಪನ್ನು ಸಡಿಲಿಸಿ, ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪ್ರೈಮರಿನ ಗುಂಡಿಯನ್ನು ಮೇಲಕ್ಕೂ ಕೆಳಕ್ಕೂ ಒತ್ತುತ್ತ ಹೋಗಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಗುಳ್ಳೆ ನಿಂತೊಡನೆ, ಡೀಸೆಲ್ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು. ಇಂಜೆಕ್ಷನ್ ಪಂಪಿನ ಮೇಲಿನ ತಿರುಪಿನಲ್ಲೂ ಇದನ್ನೇ ಮಾಡಬೇಕು. ಅಷ್ಟರಲ್ಲೂ ಸ್ಟಾರ್ಟ್ ಆಗದಿದ್ದರೆ ನಾಝಲ್‌ಗಳಿಗೆ ಹೋಗುವ ಉಕ್ಕಿನ ಪೈಪುಗಳ ನಟ್ಟುಗಳನ್ನು, ಸಾಮಾನ್ಯವಾಗಿ 17ರ ಸ್ಪ್ಯಾನರಿನಿಂದ, ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಡೀಸೆಲ್ ಜಿನುಗಿದ ಪೈಪನ್ನು ಒಂದೊಂದಾಗಿ ಬಿಗಿಯುತ್ತ ಬರಬೇಕು. ಸೆಲ್ಫನ್ನು ಒಂದೇ ಸಮನೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಅದಕ್ಕೆ ಆರಲು ಬಿಡುವು ಕೊಡಬೇಕು. ಬಿಚ್ಚಿದ ಕಡೆಯಲ್ಲೆಲ್ಲ ತಾಮ್ರದ ವಾಷರನ್ನು ಹೊಸದಾಗಿ ಹಾಕುವುದು ಲೇಸು. ಹಳೆಯ ವಾಷರಿನ ಸಂದಿನಿಂದ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಬರಬಲ್ಲದು, ಆಗ ಬೆಳಗ್ಗೆ ಬೆಳಗ್ಗೆ ಏರ್ ತೆಗೆಯುವುದೇ ಕೆಲಸವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈ ಎಂಜಿನ್ನಿನಲ್ಲಿ ನಾಝಲ್ ತೆರೆಯುವುದು ವಾತಾವರಣದ ಒತ್ತಡದ ನೂರು ಪಟ್ಟಿಗೂ ಮಿಕ್ಕ ಒತ್ತಡದಲ್ಲಿ. ಹೊರಗೆ ತೆಗೆದ ನಾಝಲ್‌ನಿಂದ ಚಿಮ್ಮುವ ಸಿಂಚನ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಒಳಗಿನ ಮಾಂಸ ಸಾಯಬಹುದು. ಹಾಗಾದರೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ತಿಳಿಸಬೇಕು.

ಯಾವ ನಾಝಲ್ ಕೆಟ್ಟಿದೆ ಎಂದು ಮನೆಯಲ್ಲೇ ಗುರುತಿಸಬಹುದು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಕನ್ನಡಕ ಹಾಕಿಕೊಂಡು, ಪೈಪಿನ ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಒಂದೊಂದನ್ನೇ ಸ್ವಲ್ಪ ಸಡಿಲಿಸಬೇಕು. ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಸದ್ದಿನಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ತೊಂದರೆ ಅಲ್ಲಿದೆ. ಗುರುತಿಸಿದ ಮೇಲೆ ಮಾಲೀಕನ ಕೆಲಸ ಮುಗಿಯಿತು. ನಾಝಲ್ ಒತ್ತಡ ಕೂರಿಸುವುದಕ್ಕೆ ಟೆಸ್ಟರ್ ಬೇಕು, ಪಂಪ್ ಕ್ಯಾಲಿಬ್ರೇಷನ್‌ಗೆ ದೊಡ್ಡ ಬೆಂಚ್ ಬೇಕು, ಇವೆರಡೂ ಪಂಪ್ ಅಂಗಡಿಯ ಕೆಲಸ. ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ‘ಪಿಕಪ್’ ಹೆಚ್ಚಿಸುವ ಆಸೆಗೆ ಬೀಳಬಾರದು. ಅದರಿಂದ ಹೆಚ್ಚುವುದು ಹೊಗೆ ಮತ್ತು ಡೀಸೆಲ್ ಖರ್ಚು.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಮಾರಾಟವಾಗುತ್ತಿರುವುದು ಭಾರತ್ ಸ್ಟೇಜ್ 6 ಡೀಸೆಲ್. ಹತ್ತು ಲಕ್ಷ ಭಾಗದಲ್ಲಿ ಗಂಧಕದ ಮಿತಿ 10 ಭಾಗ ಮಾತ್ರ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ಕುಗ್ಗುತ್ತದೆ. ಅದನ್ನು ತುಂಬಿಕೊಡುವ ರಾಸಾಯನಿಕವನ್ನು ಸೇರಿಸಿಯೇ ಮಾರುವುದರಿಂದ ಹಳೆಯ ಪಂಪು ಹೆದರಬೇಕಾಗಿಲ್ಲ. ಆದರೆ ಹಳೆಯ ಕಾಲದ ಡೀಸೆಲ್ಲಿಗೆ ಉಬ್ಬಿ ಒಗ್ಗಿಹೋಗಿದ್ದ ರಬ್ಬರ್ ಸೀಲುಗಳು ಹೊಸ ಡೀಸೆಲ್ಲಿನಲ್ಲಿ ಕುಗ್ಗಿ ಒಸರತೊಡಗಬಹುದು. ಹೊಸ ಸೀಲ್ ಕಿಟ್ ಹಾಕಿಸಿದರೆ ಸಾಕು. ಸೀಮೆಎಣ್ಣೆ ಬೆರೆಸುವುದು ಪಂಪಿಗೆ ನೇರ ಹಾನಿ, ಏಕೆಂದರೆ ಅದರಲ್ಲಿ ಜಾರುಗುಣ ಕಡಿಮೆ. ಹೊಂಗೆಎಣ್ಣೆಯ ಮಾತೂ ಆಗಾಗ ಬರುತ್ತದೆ. ಡೀಸೆಲ್ ಎಂಜಿನ್ ಸಸ್ಯದ ಎಣ್ಣೆಯಲ್ಲಿ ಓಡಬಲ್ಲದು ಎಂಬುದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದಲೇ ಸಾಬೀತಾಗಿತ್ತು. ಆದರೂ ಗಾಣದ ಎಣ್ಣೆಯನ್ನು ಹಾಗೆಯೇ ಸುರಿದರೆ ಅದರ ಮಂದತೆಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ನಾಝಲ್‌ನ ಬಾಯಿಗೆ ಮಸಿ ಗಟ್ಟಿಯಾಗುತ್ತದೆ. ಸಂಸ್ಕರಿಸಿ ಬಯೋಡೀಸೆಲ್ ಮಾಡಿದ ಮೇಲಿನ ಮಾತು ಬೇರೆ.

ಡಿಸೆಂಬರ್ ಜನವರಿಯ ಬೆಳಗಿನಲ್ಲಿ ಬೆಂಗಳೂರಿನ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತಣ್ಣಗಿನ ಲೋಹ ಗಾಳಿಯ ಕಾವನ್ನು ಹೀರಿಕೊಳ್ಳುವುದರಿಂದ, ಈ ಬಗೆಯ ಎಂಜಿನ್ನಿಗೆ ಹೀಟರ್ ಪ್ಲಗ್‌ಗಳ ನೆರವು ಬೇಕೇ ಬೇಕು. ಕೆಲವು ಹಳೆಯ ಗಾಡಿಗಳಲ್ಲಿ ಪ್ಲಗ್‌ಗಳು ಸಾಲಾಗಿ ಒಂದರ ಹಿಂದೆ ಒಂದು ಕೂಡಿಕೊಂಡಿರುತ್ತವೆ; ಅವುಗಳಲ್ಲಿ ಒಂದು ಸುಟ್ಟರೆ ನಾಲ್ಕೂ ಕೆಲಸ ನಿಲ್ಲಿಸುತ್ತವೆ. ನಂತರದ ಗಾಡಿಗಳಲ್ಲಿ ಪ್ರತಿಯೊಂದಕ್ಕೂ ಬೇರೆ ವಯರ್ ಇದೆ. ಅವುಗಳ ಪರೀಕ್ಷೆ ಸುಲಭ. ಪ್ಲಗ್ಗಿನ ವಯರನ್ನು ಬಿಡಿಸಿ, ಬ್ಯಾಟರಿಯ ಪ್ಲಸ್ಸಿನಿಂದ ಒಂದು 12 ವೋಲ್ಟ್ ಬಲ್ಬಿನ ಮೂಲಕ ತಂದ ತಂತಿಯನ್ನು ಪ್ಲಗ್ಗಿನ ತಲೆಗೆ ಮುಟ್ಟಿಸಬೇಕು. ಬಲ್ಬು ಉರಿದರೆ ಒಳಗಿನ ತಂತಿ ಕಡಿದಿಲ್ಲ. ಪ್ಲಗ್ ಸರಿಯಿದ್ದೂ ಸ್ಟಾರ್ಟ್ ಕಷ್ಟವಾದರೆ ಬ್ಯಾಟರಿಯ ಟರ್ಮಿನಲ್‌ಗಳನ್ನೂ, ಎಂಜಿನ್ನಿನಿಂದ ಛಾಸಿಗೆ ಬರುವ ಅರ್ಥ್ ಪಟ್ಟಿಯನ್ನೂ ನೋಡಬೇಕು. ಅಲ್ಲಿ ತುಕ್ಕು ಹಿಡಿದಿದ್ದರೆ ಸೆಲ್ಫ್ ನಿಧಾನವಾಗಿ ತಿರುಗುತ್ತದೆ, ನಿಧಾನವಾಗಿ ಒತ್ತಿದ ಗಾಳಿಗೆ ಹೊತ್ತಿಸುವಷ್ಟು ಕಾವು ಬರುವುದಿಲ್ಲ. ಸೆಲ್ಫ್ ಮೋಟರನ್ನೇ ದೂರಿ ಬಿಚ್ಚಿಸುವ ಮುಂಚೆ ಆ ಪಟ್ಟಿಯನ್ನು ಉಜ್ಜು ಕಾಗದದಿಂದ ತಿಕ್ಕಿ ಕೂರಿಸಿ ನೋಡಬೇಕು.

ಸೈಲೆನ್ಸರಿನಿಂದ ಬರುವ ಹೊಗೆಯ ಬಣ್ಣ ಎಂಜಿನ್ನಿನ ಆರೋಗ್ಯವನ್ನು ಹೇಳುತ್ತದೆ. ಕಪ್ಪು ಹೊಗೆ ಎಂದರೆ ಗಾಳಿಗೆ ಮಿಕ್ಕಿದ ಡೀಸೆಲ್: ಏರ್ ಫಿಲ್ಟರ್ ಕಟ್ಟಿರಬಹುದು, ನಾಝಲ್ ಸಿಂಚನ ಬಿಟ್ಟು ತೊಟ್ಟಿಕ್ಕುತ್ತಿರಬಹುದು, ಪಂಪಿನಿಂದ ಹೆಚ್ಚು ಡೀಸೆಲ್ ಹೋಗುತ್ತಿರಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡಾ ಎಂಟು ಒಂಬತ್ತರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ನಿಗೆ ಆ ಕೊರತೆ ನೇರವಾಗಿ ತಟ್ಟುತ್ತದೆ. ಕರಾವಳಿಯಲ್ಲಿ ಸರಿಯಾಗಿದ್ದ ಪಂಪು ಇಲ್ಲಿ ಕಪ್ಪು ಹೊಗೆ ಬಿಡುವುದು ಹೀಗೆ. ಕಟ್ಟಿದ ಏರ್ ಫಿಲ್ಟರ್ ಅದನ್ನು ಇಮ್ಮಡಿಸುತ್ತದೆ. ಮೈಸೂರು ರಸ್ತೆಯ ಧೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರಿಗೆ ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕ ಸಾಲದು. ಎಣ್ಣೆಯ ತೊಟ್ಟಿಯಿರುವ ಏರ್ ಕ್ಲೀನರ್ ಆದರೆ ಕೆಸರಾದ ಎಣ್ಣೆಯನ್ನು ಚೆಲ್ಲದೆ ತೆಗೆದು, ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ತುಂಬಬೇಕು. ಬಿಳಿ ಹೊಗೆ ಬೆಳಗ್ಗೆ ಒಂದೆರಡು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ, ಅದು ಉರಿಯದ ಡೀಸೆಲ್. ಬಿಸಿಯಾದ ಮೇಲೂ ಬರುತ್ತಿದ್ದು ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವುದರ ಗುರುತು. ಅದಕ್ಕೆ ಕಾರಣ ರಿಂಗು ಅಥವಾ ವಾಲ್ವ್ ಸೀಲ್.

ಹೊಗೆಯ ವಿಷಯ ಮಾಲೀಕನ ಜೇಬಿನದಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಶಾಲೆಯ ಗೇಟಿನ ಮುಂದೆ ಎಂಜಿನ್ ಆರಿಸದೆ ಕಾಯುವ ವ್ಯಾನಿನ ಹೊಗೆ ಮಕ್ಕಳ ಮುಖದ ಎತ್ತರದಲ್ಲೇ ಹೊರಬರುತ್ತದೆ. ಭಾರತ್ ಸ್ಟೇಜ್ 3ರವರೆಗಿನ ಡೀಸೆಲ್ ಗಾಡಿಗೆ ಎಮಿಷನ್ ಟೆಸ್ಟಿನಲ್ಲಿ ಹೊಗೆಯ ಮಿತಿ 65 ಹಾರ್ಟ್‌ರಿಡ್ಜ್ ಅಂಶ. ಏರ್ ಫಿಲ್ಟರ್, ನಾಝಲ್ ಮತ್ತು ಟ್ಯಾಪೆಟ್ ಸರಿಯಿರುವ ಹಳೆಯ ಎಂಜಿನ್ ಇದನ್ನು ಕಷ್ಟವಿಲ್ಲದೆ ದಾಟಬೇಕು. ದಾಟದಿದ್ದರೆ ಗಾಡಿಯನ್ನು ರಿಪೇರಿ ಮಾಡಬೇಕೇ ಹೊರತು ಟೆಸ್ಟಿನವನನ್ನು ಹೊಂದಿಸಿಕೊಳ್ಳುವುದಲ್ಲ.

ಟ್ಯಾಪೆಟ್ ಅಂತರವನ್ನು ಫೀಲರ್ ಗೇಜ್ ಹಿಡಿಯಬಲ್ಲ ಯಾರಾದರೂ ನೋಡಬಹುದು. ಮೂಲ ಒಎಂ 616ರಲ್ಲಿ ಎಂಜಿನ್ ತಣ್ಣಗಿರುವಾಗ ಇನ್‌ಲೆಟ್‌ಗೆ 0.10, ಎಕ್ಸಾಸ್ಟ್‌ಗೆ 0.30 ಮಿಲಿಮೀಟರ್, ಕೈಯಲ್ಲಿರುವ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದನ್ನೇ ನಂಬಬೇಕು. ಅಂತರ ತೀರ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಬೆಳಗಿನ ಸ್ಟಾರ್ಟ್ ಮೊದಲು ಕೆಡುತ್ತದೆ.

ಎಂಜಿನ್ ಆಯಿಲ್ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಹಾಕಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ, ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುವ ಗುಣ, ದೋಷವಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಂಜಿನ್ ನಿಂತಲ್ಲೇ ಓಡುವ ಹೊತ್ತು ಹೆಚ್ಚಾದ್ದರಿಂದ ಬರೀ ಕಿಲೋಮೀಟರ್ ನಂಬದೆ ತಿಂಗಳುಗಳನ್ನೂ ಎಣಿಸಿ ಬದಲಿಸಬೇಕು. ಡಿಪ್‌ಸ್ಟಿಕ್ಕಿನ ಮೇಲಿನ ಗೀಟನ್ನು ಮೀರಿ ತುಂಬಬಾರದು. ಮಿಕ್ಕ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಡೀಸೆಲ್ ನಿಲ್ಲಿಸಿದರೂ ಎಂಜಿನ್ ಆಯಿಲ್ಲನ್ನೇ ಉರಿಸುತ್ತ ಹುಚ್ಚಾಗಿ ಓಡಬಲ್ಲದು. ಆಗ ಕೀಲಿ ತಿರುಗಿಸಿ, ಸ್ಟಾಪರ್ ಎಳೆದು ಫಲವಿಲ್ಲ. ಗಾಳಿ ಹೋಗುವ ಬಾಯನ್ನು ಹಲಗೆಯಿಂದ ಮುಚ್ಚಬೇಕು, ಕೈಯಿಂದ ಎಂದಿಗೂ ಅಲ್ಲ.

ರೇಡಿಯೇಟರಿಗೆ ಕೆಂಗೇರಿ ಸುತ್ತಿನ ಬೋರ್‌ವೆಲ್ ನೀರು ಹಾಕುವುದು ಹಳೆಯ ಗಾಡಿಗಳು ಬಿಸಿಯಾಗುವುದಕ್ಕೆ ದೊಡ್ಡ ಕಾರಣ. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟಿಸುವ ಆ ಗಡಸು ನೀರು ಬಿಸಿ ಎಂಜಿನ್ನಿನ ಒಳದಾರಿಗಳಲ್ಲೂ ಅದೇ ಪೊರೆ ಕಟ್ಟುತ್ತದೆ. ಆ ಪೊರೆ ಕಾವನ್ನು ಹೊರಗೆ ಬಿಡುವುದಿಲ್ಲ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಬೇಕು, ಕೂಲಂಟ್ ತುಕ್ಕನ್ನೂ ತಡೆಯುತ್ತದೆ. ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಈ ಎತ್ತರದಲ್ಲಿ ತೆರೆದ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಒತ್ತಡ ಹಿಡಿದಿಡುವ ಮುಚ್ಚಳ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಅದರ ರಬ್ಬರ್ ಸತ್ತಿದ್ದರೆ ಗಾಡಿ ಘಟ್ಟ ಹತ್ತುವಾಗ ಉಕ್ಕುತ್ತದೆ, ಮಾಲೀಕ ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾನೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಯಾವಾಗಲೂ ತಣ್ಣಗೆ ಓಡಿ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿ ಗಾಡಿಯ ಮುಚ್ಚಳ ತೆಗೆಯುವುದು, ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯುವುದು ಎರಡೂ ಕೂಡದು. ಮೊದಲನೆಯದು ಮುಖ ಸುಡುತ್ತದೆ, ಎರಡನೆಯದು ಹೆಡ್ ಸೀಳುತ್ತದೆ.

ಮಳೆಯ ನೀರಿನ ಅಪಾಯ ಇನ್ನೊಂದು ಬಗೆಯದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಮುಳುಗಿ ವಾಹನಗಳು ನೀರಿನಲ್ಲಿ ಸಿಕ್ಕಿಕೊಂಡವು. ಗಾಳಿ ಹೋಗುವ ದಾರಿಯಿಂದ ನೀರು ಸಿಲಿಂಡರಿಗೆ ಹೋದರೆ, ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಲ್ಲಿ ಆರಿದ ಎಂಜಿನ್ನಿಗೆ ಸೆಲ್ಫ್ ಹೊಡೆಯಬಾರದು. ಗಾಡಿಯನ್ನು ಎಳೆಸಿ ತಂದು, ಹೀಟರ್ ಪ್ಲಗ್ ಅಥವಾ ನಾಝಲ್‌ಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆ, ಆಯಿಲ್ಲಿನಲ್ಲಿ ನೀರು ಸೇರಿದೆಯೇ ನೋಡಿ ಮುಂದುವರಿಯಬೇಕು.

ಬ್ರೇಕಿನಲ್ಲಿ ಮಾಲೀಕ ನೋಡಬೇಕಾದದ್ದು ಹೆಚ್ಚು, ತಾನೇ ಬಿಚ್ಚಬೇಕಾದದ್ದು ಕಡಿಮೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಹಿಡಿದೇ ಇಳಿದರೆ ಆ ಕಾವಿಗೆ ತೇವ ಆವಿಯಾಗಿ, ಪೆಡಲ್ ಒಮ್ಮೆಗೇ ನೆಲ ಮುಟ್ಟುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ಘಟ್ಟವನ್ನು ಕಡಿಮೆ ಗೇರಿನಲ್ಲಿ ಇಳಿಯಬೇಕು. ವೀಲ್ ಸಿಲಿಂಡರಿನ ಬಳಿ ಒಸರು, ಹೋಸಿನಲ್ಲಿ ಬಿರುಕು, ಒಂದು ಕಡೆಗೆ ಎಳೆಯುವ ಗಾಡಿ, ಇವು ಕಂಡ ದಿನವೇ ಬ್ರೇಕ್ ಬಲ್ಲವನಿಗೆ ತೋರಿಸಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಿಂಗ್‌ಪಿನ್, ಪ್ರೊಪೆಲರ್ ಶಾಫ್ಟಿನ ಕ್ರಾಸ್, ಸ್ಪ್ರಿಂಗ್ ಶಾಕಲ್‌ಗಳ ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಹಿಡಿಯುವುದು ಯಾರಾದರೂ ಮಾಡಬಹುದಾದ ಕೆಲಸ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ಗಾಡಿಯ ಅಡಿಗೆ ಹೋಗುವಾಗ ಜಾಕನ್ನೊಂದನ್ನೇ ನಂಬಿ ಹೋಗಬಾರದು. ಸಮತಟ್ಟು ಜಾಗ, ಚಕ್ರಗಳ ಹಿಂದೆ ಮುಂದೆ ಮರದ ಅಡ್ಡೆ, ಛಾಸಿಯ ಕೆಳಗೆ ಗಟ್ಟಿ ಸ್ಟಾಂಡ್, ಇಷ್ಟಿಲ್ಲದೆ ಒಳಗೆ ತಲೆ ಹಾಕಕೂಡದು. ಸಿಮೆಂಟ್ ಇಟ್ಟಿಗೆ ಭಾರಕ್ಕೆ ಒಮ್ಮೆಗೇ ಪುಡಿಯಾಗುತ್ತದೆ.

ಮೈ ತಗಡಿನ ತುಕ್ಕು ಬಾಗಿಲ ತಳದಲ್ಲಿ, ಚಕ್ರದ ಕಮಾನುಗಳಲ್ಲಿ ಆರಂಭವಾಗುತ್ತದೆ. ಬಾಗಿಲಿನ ಅಡಿಯ ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿಟ್ಟರೆ ಅರ್ಧ ಕೆಲಸವಾದಂತೆ. ಉಳಿದದ್ದು ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿಯುವುದು.

ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹೊಸದು ಸಿಗದಿದ್ದರೆ ಶಿವಾಜಿನಗರದ ಗುಜರಿ. ಹಳೆಯ ಸಾಮಾನನ್ನು ಮಾದರಿಯಾಗಿ ಜೊತೆಗೇ ಒಯ್ಯಬೇಕು, ಎಂಜಿನ್ ನಂಬರ್ ಬರೆದುಕೊಂಡು ಹೋಗಬೇಕು. ಬಾಗಿಲು, ಲೈಟು, ಬಂಪರ್ ಗುಜರಿಯಿಂದ ತಂದರೆ ಅಡ್ಡಿಯಿಲ್ಲ. ಬ್ರೇಕಿನ ಸಾಮಾನು, ಸ್ಟಿಯರಿಂಗ್ ಸಾಮಾನು, ರಬ್ಬರ್ ಹೋಸು ಹೊಸದೇ ಆಗಬೇಕು.

ಸ್ವಂತ ಬಳಕೆಯ ಗಾಡಿಗೆ 15 ವರ್ಷವಾದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ, ಮಾಡಿಸಬೇಕು. ಯಾವ ತಾರೀಖಿನಲ್ಲಿ, ಎಷ್ಟು ಕಿಲೋಮೀಟರಿಗೆ ಏನು ಬದಲಾಯಿತು ಎಂಬ ಒಂದು ನೋಟ್‌ಬುಕ್ ಗಾಡಿಯಲ್ಲಿದ್ದರೆ ಎಫ್‌ಸಿಗೆ ಮುಂಚಿನ ಕೆಲಸ ಅರ್ಧ ಹಗುರಾಗುತ್ತದೆ.

ಕೊನೆಗೆ ಉಳಿಯುವುದು ಹಳೆಯ ಆಯಿಲ್, ಫಿಲ್ಟರ್, ಬ್ಯಾಟರಿ. ಕೆಂಗೇರಿಯ ಚರಂಡಿಗೆ ಸುರಿದ ಆಯಿಲ್ ರಾಜಕಾಲುವೆ ಹಿಡಿದು ವೃಷಭಾವತಿಗೆ ಇಳಿಯುತ್ತದೆ, ಅಲ್ಲಿಂದ ಬೈರಮಂಗಲದ ಕೆರೆಗೆ, ಆ ಕೆರೆಯ ನೀರು ಹೊಲಗಳಿಗೆ. ಅದೇ ನೀರು ಮುಂದೆ ಅರ್ಕಾವತಿಯನ್ನೂ ಕಾವೇರಿಯನ್ನೂ ಸೇರುತ್ತದೆ. ಸರ್ಕಾರದ 2016ರ ನಿಯಮಗಳು ಬಳಸಿದ ಆಯಿಲ್ಲನ್ನು ಅಪಾಯಕಾರಿ ತ್ಯಾಜ್ಯ ಎಂದು ಪರಿಗಣಿಸುತ್ತವೆ. ಅದನ್ನು ನೀರು, ಡೀಸೆಲ್, ಕೂಲಂಟ್ ಬೆರೆಸದೆ ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಮೇಲೆ ಹೆಸರು ಬರೆದು, ಅಧಿಕೃತ ಮರುಬಳಕೆದಾರರಿಗೆ ಸಾಗಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಬೇಕು. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಸೋರಿಸಿ ಅದರೊಂದಿಗೇ ಒಪ್ಪಿಸಬಹುದು. ಹಳೆಯ ಬ್ಯಾಟರಿಯನ್ನು ಒಳಗಿನ ಆಸಿಡ್ ಚೆಲ್ಲದೆ ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ವಜಾ ಸಿಗುತ್ತದೆ.